ಹಾಲು ಮತ್ತು ಪಾಲು: ಮನೆಮದ್ದಾದ ಮೊಲೆಹಾಲಿನ ಚರಿತ್ರೆ

ಕಣ್ಣು ಕೆಂಪಾಗಿ, ರೆಪ್ಪೆ ಅಂಟಿಕೊಂಡು, ನೀರು ಸುರಿಯತೊಡಗಿದರೆ ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಕಣ್ಣು ಬಂದಾವ’ ಎನ್ನುತ್ತಾರೆ. ಬೆಳಗಾವಿಯ ಮರಾಠಿ ಮಾತಿನಲ್ಲಿಯೂ ಅದೇ ಬೇನೆಗೆ ‘ಡೋಳೇ ಆಲೇ’ ಎಂದೇ ಹೆಸರು. ಬೇರೆ ಬೇರೆ ಭಾಷಾಕುಲಗಳಿಗೆ ಸೇರಿದ ಎರಡು ನುಡಿಗಳು ಒಂದು ಬೇನೆಯನ್ನು ಒಂದೇ ಬಗೆಯಾಗಿ ಹೆಸರಿಸುತ್ತವೆ. ಗೋಡೆಗೆ ಗೋಡೆ ಹಚ್ಚಿ ಬಾಳಿದ ಮನೆಗಳಲ್ಲಿ ಮಾತು ಹೀಗೆ ಹಂಚಿಕೆಯಾಗುವುದು ಸಹಜ. ಮಾತಿನಂತೆಯೇ ಮದ್ದೂ ಹಂಚಿಕೆಯಾಗಿದೆ. ಓಣಿಯಲ್ಲಿ ಬಾಣಂತಿಯೊಬ್ಬಳಿದ್ದರೆ ಅವಳ ಮೊಲೆಹಾಲಿನ ಎರಡು ಹನಿಯನ್ನು ಬೇನೆಯ ಕಣ್ಣಿಗೆ ಬಿಡಿಸುವುದು ಈ ಭಾಗದ ಕನ್ನಡ, ಮರಾಠಿ ಮನೆಗಳೆರಡೂ ಬಲ್ಲ ಉಪಚಾರ. ಕೂಸಿನ ಮೂಗು ಕಟ್ಟಿದರೆ ಒಂದು ಹನಿ, ಕಿವಿ ನೋವಿಗೆ ಒಂದು ಹನಿ, ಒಡೆದ ಚರ್ಮಕ್ಕೆ ಒಂದಿಷ್ಟು ಸವರುವಿಕೆ. ಬಜೆ, ಜಾಜಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಅರಿಷಿಣದ ಕೊಂಬು, ಉತ್ತತ್ತಿಗಳನ್ನು ಸಾಣೆಕಲ್ಲಿನ ಮೇಲೆ ಮೊಲೆಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವ ರೂಢಿಯೂ ಇದಕ್ಕೆ ಸೇರಿದ್ದು. ಮರಾಠಿ ಮನೆಗಳು ಇದನ್ನು ‘ಬಾಳಗುಟಿ’ ಎಂದು ಕರೆಯುತ್ತವೆ.

ಈ ರೂಢಿಯ ಬಗ್ಗೆ ಇಂದು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಎಲ್ಲವೂ ನಮ್ಮ ಪೂರ್ವಜರಿಗೆ ತಿಳಿದಿತ್ತು’ ಎಂಬುದು ಒಂದು. ‘ಇದೆಲ್ಲ ಬರಿಯ ಮೂಢನಂಬಿಕೆ’ ಎಂಬುದು ಇನ್ನೊಂದು. ಎರಡೂ ಚರಿತ್ರೆಯ ಮಾತುಗಳಲ್ಲ, ತೀರ್ಪಿನ ಮಾತುಗಳು. ಚರಿತ್ರೆಯ ಅಭ್ಯಾಸಿ ಕೇಳಬೇಕಾದದ್ದು ಬೇರೆ: ಈ ಹನಿಯನ್ನು ಕುರಿತು ಶಾಸ್ತ್ರಗಳು ಏನನ್ನು ವಿಚಾರಿಸಿದವು, ಏನನ್ನು ವಿಚಾರಿಸಲಿಲ್ಲ? ವೈದ್ಯಗ್ರಂಥಗಳು ವಿಚಾರಿಸಿದ್ದು ಹಾಲಿನ ಗುಣವನ್ನು. ಆ ಹಾಲು ಯಾರದು ಎಂಬ ಪ್ರಶ್ನೆಯನ್ನು ಎತ್ತಿದ್ದು ವೈದ್ಯಗ್ರಂಥಗಳಲ್ಲ, ಜೈನ ಆಚಾರಗ್ರಂಥಗಳು. ಈ ಎರಡನೆಯ ಪ್ರಶ್ನೆಗೆ ಇಂದು ಮತ್ತೆ ಬೆಲೆ ಬಂದಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವೈದ್ಯಗ್ರಂಥಗಳನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನವು ಔಷಧಯೋಗ್ಯವಾದ ಎಂಟು ಹಾಲುಗಳನ್ನು ಎಣಿಸುತ್ತದೆ. ಕುರಿ, ಆಡು, ಹಸು, ಎಮ್ಮೆ, ಒಂಟೆ, ಆನೆ, ಕುದುರೆ ಇವುಗಳ ಸಾಲಿನಲ್ಲಿ ಎಂಟನೆಯದಾಗಿ ನಿಲ್ಲುವವಳು ಸ್ತ್ರೀ. ಅದೇ ಸ್ಥಾನದ ಅನ್ನಪಾನವಿಧಿಯ ಅಧ್ಯಾಯವು ಸ್ತ್ರೀಯ ಹಾಲನ್ನು ಜೀವನೀಯ, ಬೃಂಹಣ, ಸಾತ್ಮ್ಯ ಮತ್ತು ಸ್ನೇಹನಕಾರಿ ಎಂದು ಬಣ್ಣಿಸಿ, ರಕ್ತಪಿತ್ತದಲ್ಲಿ ಮೂಗಿಗೆ ಬಿಡುವ ನಸ್ಯವಾಗಿಯೂ ಕಣ್ಣಿನ ಶೂಲೆಯಲ್ಲಿ ತರ್ಪಣವಾಗಿಯೂ ಅದನ್ನು ವಿಧಿಸುತ್ತದೆ. ಬಿಕ್ಕಳಿಕೆಯ ಚಿಕಿತ್ಸೆಯಲ್ಲಿ ಚಂದನವನ್ನು ಸ್ತ್ರೀಯ ಹಾಲಿನೊಡನೆ ಸೇರಿಸಿ ಮೂಗಿಗೆ ಬಿಡುವ ಯೋಗವೊಂದು ಬರುತ್ತದೆ. ಸುಶ್ರುತಸಂಹಿತೆಯು ಇದೇ ಹಾಲನ್ನು ಮಧುರ, ಶೀತ, ಕಷಾಯಾನುರಸವುಳ್ಳದ್ದು ಎಂದು ಗುರುತಿಸಿ ನಸ್ಯಕ್ಕೂ ಕಣ್ಣಿಗೆ ಹನಿಸುವ ಆಶ್ಚ್ಯೋತನಕ್ಕೂ ಒಳ್ಳೆಯದೆಂದು ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ವಾತ, ಪಿತ್ತ, ರಕ್ತದೋಷ ಮತ್ತು ಪೆಟ್ಟಿನಿಂದ ಹುಟ್ಟಿದ ಅಕ್ಷಿರೋಗಗಳಿಗೆ ತರ್ಪಣ, ಆಶ್ಚ್ಯೋತನ, ನಸ್ಯಗಳ ರೂಪದಲ್ಲಿ ಇದನ್ನು ಹೇಳುತ್ತದೆ. ಕಣ್ಣಿಗೆ ಹಚ್ಚುವ ಅಂಜನದ ವರ್ತಿಗಳನ್ನು ಸ್ತನ್ಯದಲ್ಲಿ ತೇಯುವ ವಿಧಾನವೂ ಮುಂದಿನ ಸಂಗ್ರಹಗ್ರಂಥಗಳಲ್ಲಿ ಬಳಕೆಗೆ ಬಂದಿತು.

ಹಾಗಾದರೆ ಖಾನಾಪುರದ ಅಜ್ಜಿಯ ಮದ್ದು ಚರಕನಿಂದ ಇಳಿದು ಬಂದದ್ದೇ? ಹಾಗೆಂದು ಹೇಳುವ ಮೊದಲು ಗಡಿಯಾಚೆ ಒಮ್ಮೆ ನೋಡಬೇಕು. ಕ್ರಿ.ಪೂ. 1550ರ ಸುಮಾರಿಗೆ ಸೇರಿದ ಈಜಿಪ್ತಿನ ಎಬರ್ಸ್ ಪಪೈರಸ್ ಎಂಬ ವೈದ್ಯಸುರುಳಿಯಲ್ಲಿ ಗಂಡುಮಗುವನ್ನು ಹೆತ್ತ ತಾಯಿಯ ಹಾಲು ಔಷಧದ್ರವ್ಯವಾಗಿ ಕಾಣಿಸಿಕೊಳ್ಳುತ್ತದೆ. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗಚರಿತ್ರೆಯ 28ನೆಯ ಪುಸ್ತಕದಲ್ಲಿ ಕಣ್ಣಿನ ಬೇನೆಗೆ ಸ್ತ್ರೀಯ ಹಾಲನ್ನು ಹೇಳುತ್ತಾನೆ. ಅಲ್ಲಿಯೂ ಗಂಡು ಹೆತ್ತವಳ ಹಾಲಿಗೆ ಮೇಲುಗೈ. ಚರಕ, ಸುಶ್ರುತರ ಹೆಸರನ್ನೇ ಕೇಳದ ನಾಡುಗಳಲ್ಲಿಯೂ ಇದೇ ಹನಿ ಇದೇ ಕಣ್ಣಿಗೆ ಬಿದ್ದಿದೆ. ಆದ್ದರಿಂದ ಗ್ರಂಥದಿಂದ ಮನೆಗೆ ಎಂಬ ಒಂದೇ ದಾರಿಯನ್ನು ಊಹಿಸುವುದು ತರವಲ್ಲ. ಮನೆಯಿಂದ ಗ್ರಂಥಕ್ಕೂ ದಾರಿಯಿತ್ತು. ತಾಯಂದಿರು ಮಾಡುತ್ತಿದ್ದುದನ್ನು ಕಂಡು, ಅದನ್ನು ರಸ, ವೀರ್ಯ, ವಿಪಾಕಗಳ ಪರಿಭಾಷೆಯಲ್ಲಿ ವಿವರಿಸಿದವರು ಸಂಹಿತಾಕಾರರು ಎನ್ನುವುದೇ ಹೆಚ್ಚು ಸಂಭಾವ್ಯ.

ರೂಢಿ ಹುಟ್ಟಿದ್ದಕ್ಕೆ ಸರಳವಾದ ಕಾರಣವೊಂದು ಎದುರಿಗೇ ಇದೆ. ಮಲಪ್ರಭೆಯ ಉಗಮವಾದ ಕಣಕುಂಬಿಯ ಸುತ್ತಿನ, ಸಹ್ಯಾದ್ರಿಯ ಮಡಿಲಿನ ಹಳ್ಳಿಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದರೆ ಪಕ್ಕದ ಊರಿಗೆ ಹೋಗುವುದೂ ಪ್ರಯಾಸದ ಕೆಲಸವಾಗಿದ್ದ ಕಾಲದಲ್ಲಿ, ಬೆಚ್ಚಗಿನ, ತಕ್ಷಣ ಸಿಗುವ, ಕಣ್ಣಿಗೆ ಉರಿಯಾಗದ ದ್ರವ ಯಾವುದಿತ್ತು? ಕುದಿಸದ ಹಳ್ಳದ ನೀರಿಗಿಂತ ತಾಯಿಯ ಹಾಲು ಎಷ್ಟೋ ಮೇಲು. ಹಣ ಬೇಡ, ಪಾತ್ರೆ ಬೇಡ, ವೈದ್ಯ ಬೇಡ. ಮನೆಮದ್ದಿನ ಬಲವಿರುವುದು ಹತ್ತಿರದಲ್ಲಿ ಸಿಗುವುದರಲ್ಲಿ.

ಈಗ ಕನ್ನಡದ ಜೈನ ವೈದ್ಯಪರಂಪರೆಗೆ ಬರೋಣ. ಪೂಜ್ಯಪಾದರ ಕಲ್ಯಾಣಕಾರಕವನ್ನು ಅನುಸರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ ಕನ್ನಡದ ಮೊದಲ ವೈದ್ಯಗ್ರಂಥಗಳಲ್ಲೊಂದು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯೆಂಬುದೇ ಅದರ ಹೆಗ್ಗಳಿಕೆ. ಅದಕ್ಕೂ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಇನ್ನೊಂದು ‘ಕಲ್ಯಾಣಕಾರಕ’ವನ್ನು ಬರೆದು, ಅದರ ಕೊನೆಯ ಹಿತಾಹಿತಾಧ್ಯಾಯದಲ್ಲಿ ಔಷಧಕ್ಕೂ ಮಾಂಸ ಬೇಡವೆಂದು ವಾದಿಸಿದರು. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಕನ್ನಡಕ್ಕೆ ಕೊಟ್ಟನು. ಈ ವೈದ್ಯಕವಿಗಳು ವೈದ್ಯಕ್ಕೆ ಹೊಸದೊಂದು ಪ್ರಶ್ನೆಯನ್ನು ತಂದರು. ಒಂದು ದ್ರವ್ಯ ರೋಗವನ್ನು ಗುಣಪಡಿಸುತ್ತದೆಯೇ ಎಂಬುದಷ್ಟೇ ಸಾಲದು, ಅದು ಯಾರಿಂದ ಹೇಗೆ ಬಂದಿತು ಎಂಬುದನ್ನೂ ಕೇಳಬೇಕು. ಜೇನು ರುಚಿಕರವೂ ರೋಗಹರವೂ ಆಗಿರಬಹುದು. ಆದರೆ ಅದನ್ನು ಹಿಂಡುವಾಗ ಅಸಂಖ್ಯ ಜೀವಗಳು ಸಾಯುತ್ತವೆ. ಆದ್ದರಿಂದ ಅಷ್ಟಮೂಲಗುಣಗಳನ್ನು ಪಾಲಿಸುವ ಶ್ರಾವಕನಿಗೆ ಅದು ವರ್ಜ್ಯ.

ಹಾಲಿನ ವಿಷಯ ಹಾಗಲ್ಲ. ಅದು ಪ್ರಾಣಿಜನ್ಯವಾದರೂ ಪ್ರಾಣಹಾನಿಯಿಂದ ಬಂದುದಲ್ಲ. ಆದರೆ ಕೊಲ್ಲದಿರುವುದರಿಂದಲೇ ಅಹಿಂಸೆ ಪೂರ್ಣವಾಗುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಈ ಕೊನೆಯದು ನಮ್ಮ ವಿಷಯಕ್ಕೆ ಮುಖ್ಯ. ತನ್ನನ್ನು ನಂಬಿದ ಜೀವಿಗೆ ಸಲ್ಲಬೇಕಾದ ಆಹಾರವನ್ನು ತಡೆಯುವುದೂ ಹಿಂಸೆಯೇ. ಕೆಚ್ಚಲಿನ ಕೊನೆಯ ಹನಿಯನ್ನೂ ಹಿಂಡಿಕೊಂಡು ಕರುವನ್ನು ಗೂಟಕ್ಕೆ ಕಟ್ಟುವವನು ಯಾವ ಜೀವವನ್ನೂ ಕೊಲ್ಲದೆ ಈ ದೋಷಕ್ಕೆ ಗುರಿಯಾಗುತ್ತಾನೆ. ಕರುವಿಗೆ ಅನ್ವಯಿಸುವ ಈ ಮಾತು ಕೂಸಿಗೆ ಇನ್ನಷ್ಟು ನೇರವಾಗಿ ಅನ್ವಯಿಸುತ್ತದೆ.

ಈ ವಿಚಾರಕ್ಕೂ ಖಾನಾಪುರದ ಮಣ್ಣಿಗೂ ಇರುವ ನಂಟು ಹಳೆಯದು. ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ, ಫ್ಲೀಟರು ಓದಿ ಪ್ರಕಟಿಸಿದ ತಾಮ್ರಪಟಗಳು ಕರ್ನಾಟಕದ ಜೈನಚರಿತ್ರೆಯ ಆದಿಮ ಆಧಾರಗಳಲ್ಲಿ ಸೇರಿವೆ. ಮೃಗೇಶವರ್ಮನು ತನ್ನ ತಂದೆಯ ಪುಣ್ಯಕ್ಕಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಬಿಟ್ಟನು. ಅವನ ಮಗ ರವಿವರ್ಮನ ಶಾಸನವು ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ನಡೆಯಬೇಕೆಂದು ವಿಧಿಸುತ್ತದೆ. ಮಳೆ ಹಿಡಿದರೆ ಬಿಡದ ಆ ಸೀಮೆಯಲ್ಲಿ ಚಾತುರ್ಮಾಸ್ಯದ ಮುನಿಗಳು ನೆಲೆನಿಂತು ಆಹಾರಕ್ಕೆ ಹೊರಡುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಅವರು ಹೇಗೆ ಆಹಾರ ಸ್ವೀಕರಿಸಬೇಕು, ಯಾರ ಕೈಯಿಂದ ಸ್ವೀಕರಿಸಬಾರದು ಎಂಬ ನಿಯಮಗಳಿದ್ದವು.

ಆ ನಿಯಮಗಳು ವಟ್ಟಕೇರರ ‘ಮೂಲಾಚಾರ’ದ ಪಿಂಡಶುದ್ಧಿ ಅಧಿಕಾರದಲ್ಲಿ ವಿಸ್ತಾರವಾಗಿ ಬಂದಿವೆ. ಈ ಗ್ರಂಥಕ್ಕೂ ಯಾಪನೀಯ ಪರಂಪರೆಗೂ ಸಂಬಂಧವಿರಬೇಕೆಂದು ನಾಥೂರಾಮ ಪ್ರೇಮಿಯವರಂಥ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಸ್ತ್ರೀಯೂ ಅದೇ ಜನ್ಮದಲ್ಲಿ ಮುಕ್ತಿಗೆ ಅರ್ಹಳೆಂದು ವಾದಿಸಿದ ಪಂಥವದು ಎಂಬುದನ್ನೂ ಇಲ್ಲಿ ನೆನೆಯಬೇಕು. ಮೂಲಾಚಾರವು ಆಹಾರವನ್ನು ಕೊಡುವವರಿಗೆ ಸಂಬಂಧಿಸಿದ ದಾಯಕದೋಷಗಳನ್ನು ಎಣಿಸುವಾಗ, ಹಾಲು ಕುಡಿಯುತ್ತಿರುವ ಮಗುವನ್ನು ಕೆಳಗಿಳಿಸಿ ಬಂದು ಕೊಡುವ ಆಹಾರವನ್ನು ಅದರಲ್ಲಿ ಸೇರಿಸುತ್ತದೆ. ಶ್ವೇತಾಂಬರರ ದಶವೈಕಾಲಿಕ ಸೂತ್ರದ ಐದನೆಯ ಅಧ್ಯಯನದಲ್ಲಿಯೂ ಇದೇ ನಿಯಮವಿದೆ. ಮೊಲೆಯುಣಿಸುತ್ತಿರುವ ತಾಯಿ ಮಗುವನ್ನು ಅಳುತ್ತಿರುವಂತೆಯೇ ಬಿಟ್ಟು ಬಂದು ಅನ್ನಪಾನವನ್ನು ನೀಡಿದರೆ ಭಿಕ್ಷುವು ಅದು ತನಗೆ ಕಲ್ಪ್ಯವಲ್ಲವೆಂದು ಹೇಳಬೇಕು. ಆ ಮಗು ಗಂಡಾಗಿರಲಿ ಹೆಣ್ಣಾಗಿರಲಿ ಎಂದು ಸೂತ್ರವು ಎರಡನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಎಬರ್ಸ್ ಸುರುಳಿಯೂ ಪ್ಲಿನಿಯೂ ಹಾಲಿನ ಗುಣವನ್ನು ಹೆತ್ತ ಮಗುವಿನ ಲಿಂಗದಿಂದ ಅಳೆದರು. ಜೈನಸೂತ್ರವು ಹಾಲಿನ ಹಕ್ಕನ್ನು ಮಗುವಿನ ಅಳುವಿನಿಂದ ಅಳೆಯಿತು.

ಈ ನಿಯಮದ ತೂಕವನ್ನು ಅಭ್ಯಾಸಿಗಳು ಗಮನಿಸಬೇಕು. ಶ್ರಾವಕಾಚಾರದಲ್ಲಿ ಮುನಿಗೆ ಆಹಾರದಾನ ಮಾಡುವುದಕ್ಕಿಂತ ದೊಡ್ಡ ಪುಣ್ಯಕಾರ್ಯ ವಿರಳ. ಆದರೂ ಆ ಪುಣ್ಯವು ಕೂಸಿನ ಒಂದು ಗುಟುಕಿಗೆ ಅಡ್ಡ ಬರುವಂತಿಲ್ಲ. ಮುನಿಯ ಹಸಿವು ದೊಡ್ಡದೋ ಕೂಸಿನ ಹಸಿವು ದೊಡ್ಡದೋ ಎಂದರೆ ಶಾಸ್ತ್ರವು ಕೂಸಿನ ಕಡೆಗೆ ನಿಂತಿದೆ. ಇದೇ ಪಿಂಡಶುದ್ಧಿಯ ಪ್ರಕರಣದಲ್ಲಿ ಆಹಾರವನ್ನು ಪಡೆಯುವ ಬಗೆಗೆ ಸಂಬಂಧಿಸಿದ ಉತ್ಪಾದನದೋಷಗಳ ಪಟ್ಟಿ ಬರುತ್ತದೆ. ಅದರ ಮೊದಲ ಹೆಸರು ‘ಧಾತ್ರೀ’, ಅಂದರೆ ದಾದಿಯ ಕೆಲಸಕ್ಕೆ ಸಂಬಂಧಿಸಿದ ದೋಷ. ಮಗುವನ್ನು ಲಾಲಿಸುವ, ಪಾಲಿಸುವ ವಿಷಯದಲ್ಲಿ ಉಪದೇಶ ಕೊಟ್ಟು ತಾಯಂದಿರ ಮೆಚ್ಚುಗೆಯಿಂದ ಆಹಾರ ಪಡೆಯಬಾರದು. ಅದೇ ಪಟ್ಟಿಯಲ್ಲಿ ‘ಚಿಕಿತ್ಸಾ’ ಎಂಬುದೂ ಇದೆ, ಮದ್ದು ಹೇಳಿ ಅನ್ನ ಗಳಿಸಬಾರದು. ಕೂಸಿನ ಪೋಷಣೆಯನ್ನಾಗಲಿ ರೋಗಿಯ ಸಂಕಟವನ್ನಾಗಲಿ ಮುನಿಯು ತನ್ನ ಜೀವನೋಪಾಯ ಮಾಡಿಕೊಳ್ಳಬಾರದೆಂಬುದು ಇವೆರಡರ ತಾತ್ಪರ್ಯ. ತಾಯಿಯ ಹಾಲು ಮದ್ದಾಗುವಾಗ ಪೋಷಣೆ, ಚಿಕಿತ್ಸೆ ಎರಡೂ ಒಂದೇ ಹನಿಯಲ್ಲಿ ಕೂಡುತ್ತವೆ. ಆದ್ದರಿಂದಲೇ ಈ ಎರಡು ದೋಷಗಳನ್ನು ಒಟ್ಟಿಗೆ ಓದಬೇಕು.

ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯು ಇದೇ ಭಾವವನ್ನು ಬೇರೊಂದು ಬಗೆಯಿಂದ ನೆನಪಿಸುತ್ತದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಈ ಬಸದಿಯಲ್ಲಿ ಇಂದು ನೇಮಿನಾಥ ತೀರ್ಥಂಕರನ ಮೂರ್ತಿಯಿದೆ. ನೇಮಿನಾಥನ ಯಕ್ಷಿ ಅಂಬಿಕೆ, ನಮ್ಮ ಕೂಷ್ಮಾಂಡಿನಿ, ಮಗುವನ್ನು ತೊಡೆಯ ಮೇಲಿರಿಸಿಕೊಂಡ ತಾಯಿ. ಮುನಿಗೆ ಆಹಾರವಿತ್ತ ಕಾರಣಕ್ಕೆ ಮನೆಯಿಂದ ಹೊರದೂಡಲ್ಪಟ್ಟು, ಇಬ್ಬರು ಮಕ್ಕಳೊಡನೆ ಅಲೆದವಳು ಆಕೆ. ಮಕ್ಕಳು ಹಸಿದಾಗ ಮಾವಿನ ಮರ ಹಣ್ಣು ಕೊಟ್ಟಿತು, ಬತ್ತಿದ ಕೆರೆ ನೀರು ಕೊಟ್ಟಿತು ಎನ್ನುತ್ತದೆ ಕಥೆ. ದಾನದ ಮಹಿಮೆಯನ್ನು ಹೇಳುವ ಕಥೆಯೂ ಮಕ್ಕಳ ಹಸಿವನ್ನು ಮರೆಯುವುದಿಲ್ಲ.

ಕನ್ನಡ ಭಾಷೆಯಲ್ಲಿಯೂ ಒಂದು ಆಕಸ್ಮಿಕ ಸಾಮ್ಯ ಈ ವಿಚಾರಕ್ಕೆ ಒದಗಿ ಬರುತ್ತದೆ. ಹಳಗನ್ನಡದಲ್ಲಿ ಕ್ಷೀರವೆಂಬ ಅರ್ಥಕ್ಕೂ ಭಾಗವೆಂಬ ಅರ್ಥಕ್ಕೂ ‘ಪಾಲ್’ ಎಂಬ ಒಂದೇ ರೂಪವಿತ್ತು. ಮೂಲದಲ್ಲಿ ಇವು ಬೇರೆ ಬೇರೆ ಶಬ್ದಗಳು. ಪಕಾರವು ಹಕಾರವಾದಾಗ ಒಂದು ‘ಹಾಲು’ ಆಯಿತು, ಇನ್ನೊಂದು ‘ಪಾಲು’ ಆಗಿಯೇ ಉಳಿಯಿತು. ‘ಮೊಲೆವಾಲ್’ ಎಂಬ ಹಳೆಯ ಸಮಾಸವನ್ನು ಓದುವಾಗ ನಿರುಕ್ತಿಯ ದೃಷ್ಟಿಯಿಂದ ಹಾಲು ಎಂಬ ಅರ್ಥವೊಂದೇ ಸರಿ. ಆದರೆ ಮೊಲೆಹಾಲನ್ನು ಮಗುವಿನ ಪಾಲೆಂದು ತಿಳಿಯಲು ನಿರುಕ್ತಿಯ ಅಪ್ಪಣೆ ಬೇಕಿಲ್ಲ.

ಆ ಪಾಲಿನ ವಿಷಯದಲ್ಲಿ ನಮ್ಮ ಮನೆಗಳು ಯಾವಾಗಲೂ ನ್ಯಾಯವಾಗಿ ನಡೆದಿವೆಯೇ? ಇಲ್ಲ ಎನ್ನಬೇಕಾಗುತ್ತದೆ. ಅನ್ಯರ ಕಣ್ಣಿಗೆ ಹನಿಸುವಷ್ಟು ಮೊಲೆಹಾಲನ್ನು ನಂಬಿದ ಮನೆಗಳೇ, ಹೆರಿಗೆಯಾದ ಮೊದಲ ಎರಡು ಮೂರು ದಿನದ ಹಳದಿ ಬಣ್ಣದ ಮಂದ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದವು. ಈ ರೂಢಿ ಭಾರತದ ಬಹುಭಾಗಗಳಲ್ಲಿತ್ತು, ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಗ್ರಂಥಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. ಸ್ತನ್ಯವು ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಪ್ರವರ್ತಿಸುತ್ತದೆಂದು ಹೇಳುವ ಸುಶ್ರುತಸಂಹಿತೆಯು ಅಲ್ಲಿಯವರೆಗೆ ಕೂಸಿಗೆ ಜೇನು ತುಪ್ಪಗಳ ಯೋಗಗಳನ್ನು ವಿಧಿಸುತ್ತದೆ. ಆದರೆ ಅದೇ ಗಿಣ್ಣುಹಾಲು ಹಸು, ಎಮ್ಮೆಗಳದಾದರೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣವಾಗಿ, ಮರಾಠಿಯ ‘ಖರವಸ’ವಾಗಿ, ಮನೆಮಂದಿಯ ಬಾಯಿ ಸಿಹಿ ಮಾಡುತ್ತದೆ. ಕೂಸಿನ ಪಾಲನ್ನು ಚೆಲ್ಲಿ, ಕರುವಿನ ಪಾಲನ್ನು ಉಂಡಂತಾಯಿತು. ಜೈನ ಗೃಹಸ್ಥರ ಆಚಾರದಲ್ಲಿ ಈದ ಎಮ್ಮೆಯ ಹಾಲು 15 ದಿನ, ಹಸುವಿನದು 10 ದಿನ, ಆಡಿನದು 8 ದಿನ ಬಳಕೆಗೆ ಬಾರದು. ಈ ನಿಯಮಕ್ಕೆ ಶುದ್ಧಾಶುದ್ಧಿಯ ವಿವರಣೆಯನ್ನೇ ಸಾಮಾನ್ಯವಾಗಿ ಕೊಡುತ್ತಾರೆ. ಕಾರಣವನ್ನು ಏನೆಂದೇ ಹೇಳಲಿ, ಅದರ ಫಲದಿಂದ ಗಿಣ್ಣು ಕರುವಿಗೆ ಉಳಿಯಿತು. ಆದರೆ ಕರುವಿಗೆ ಉಳಿಸಿಕೊಟ್ಟ ಈ ಎಚ್ಚರವು ಕೂಸಿಗೂ ಅಷ್ಟೇ ಸ್ಪಷ್ಟವಾಗಿ ಅನ್ವಯವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಸೋಂಕನ್ನು ತಡೆಯುವ ಪ್ರತಿಕಾಯಗಳು ಅತಿ ದಟ್ಟವಾಗಿರುವುದು ಆ ಮೊದಲ ಹಾಲಿನಲ್ಲಿಯೇ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಣಿಸಬೇಕು, ಆರು ತಿಂಗಳು ಬೇರೇನನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆ ನಿಲುವಿನ ಮುಂದೆ ಸಾಣೆಕಲ್ಲಿನ ಗುಟಿಯೂ ಹಿಂದೆ ಸರಿಯಬೇಕಾಗುತ್ತದೆ.

ಹಾಗಾದರೆ ಮದ್ದಾಗಿ ಮೊಲೆಹಾಲಿನ ಗುಣವೇನು? ಸ್ರಾವಜನ್ಯ ಇಮ್ಯುನೋಗ್ಲಾಬ್ಯುಲಿನ್ ಎ, ಲ್ಯಾಕ್ಟೋಫೆರಿನ್, ಲೈಸೋಜೈಮ್ ಎಂಬ ರಕ್ಷಕದ್ರವ್ಯಗಳು ಮೊಲೆಹಾಲಿನಲ್ಲಿವೆ. ವಿಶೇಷವೆಂದರೆ ನಮ್ಮ ಕಣ್ಣೀರಿನಲ್ಲಿಯೂ ಇವೇ ಇವೆ. ಹನಿ ಬಿದ್ದ ಕಣ್ಣು ತಂಪೆನಿಸಿದರೆ ಅದು ಬರಿಯ ಭ್ರಮೆಯಲ್ಲ. ಹೊಕ್ಕುಳಬಳ್ಳಿಗೆ ತಾಯಿಯ ಹಾಲನ್ನು ಸವರಿದರೆ ಅದು ಬೇಗ ಉದುರುತ್ತದೆಂದೂ, ಕೂಸಿನ ತೊಡೆಸಂದಿಯ ದದ್ದಿಗೆ ಹಚ್ಚಿದಾಗ ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಮುಲಾಮಿಗೆ ಸಮನಾದ ಫಲ ಕಂಡಿತೆಂದೂ ಟರ್ಕಿ, ಇರಾನ್ ದೇಶಗಳ ಅಧ್ಯಯನಗಳು ತಿಳಿಸಿವೆ. ಆದರೆ ಕಣ್ಣಿನ ಸೋಂಕಿನ ಲೆಕ್ಕವೇ ಬೇರೆ. ಪ್ರಯೋಗಾಲಯದಲ್ಲಿ ಮೊಲೆಹಾಲು ಕೆಲವು ಬ್ಯಾಕ್ಟೀರಿಯಾಗಳನ್ನು ತುಸು ತಡೆದರೂ ಕಣ್ಣಿನ ಔಷಧಕ್ಕೆ ಸರಿಗಟ್ಟಲಿಲ್ಲ. ಹಾಲಿನ ಸಕ್ಕರೆಯು ಸೋಂಕಿಗೂ ಆಹಾರವಾಗಬಲ್ಲದು. ದಕ್ಷಿಣ ಭಾರತದ ಕಣ್ಣಾಸ್ಪತ್ರೆಗಳಿಗೆ ಕಾರ್ನಿಯಾ ಹುಣ್ಣಿನೊಡನೆ ತಡವಾಗಿ ಬಂದವರು ಮೊದಲು ಬಳಸಿದ್ದ ಮನೆಮದ್ದುಗಳಲ್ಲಿ ಸೊಪ್ಪಿನ ರಸ, ಹರಳೆಣ್ಣೆಗಳ ಜೊತೆಗೆ ಮೊಲೆಹಾಲೂ ಇದೆ. ಅಲ್ಲಿ ಹಾನಿಗೆ ಹನಿ ಎಷ್ಟು ಕಾರಣವೋ, ಕಳೆದುಹೋದ ದಿನಗಳೂ ಅಷ್ಟೇ ಕಾರಣ. ಎಚ್‌ಐವಿ ಸೋಂಕು ಮೊಲೆಹಾಲಿನ ಮೂಲಕ ದಾಟಬಲ್ಲದೆಂಬುದು ತಿಳಿದ ಮೇಲಂತೂ ಒಬ್ಬ ತಾಯಿಯ ಹಾಲನ್ನು ಪರೀಕ್ಷೆಯಿಲ್ಲದೆ ಇನ್ನೊಬ್ಬರ ಮಗುವಿಗೆ ಉಣಿಸುವ ಹಳೆಯ ಔದಾರ್ಯವನ್ನು ಹಾಗೆಯೇ ಮುಂದುವರಿಸಲಾಗದು.

ಇಷ್ಟೆಲ್ಲ ಮಿತಿಗಳ ನಡುವೆಯೂ ಈ ಮನೆಮದ್ದಿಗೆ ಒಂದು ಮರ್ಯಾದೆಯಿತ್ತು. ‘ಮರ್ಯಾದೆ’ ಎಂಬ ಶಬ್ದವನ್ನು ನಾನು ಅದರ ಮೂಲಾರ್ಥದಲ್ಲಿ, ಎಲ್ಲೆ ಎಂಬ ಅರ್ಥದಲ್ಲಿ ಬಳಸುತ್ತಿದ್ದೇನೆ. ಬೇಡುತ್ತಿದ್ದುದು ಎರಡು ಹನಿ. ಕೊಡುತ್ತಿದ್ದವಳು ತಾಯಿ, ತಾನಾಗಿಯೇ. ಬೆಲೆಯಿರಲಿಲ್ಲ. ಕೂಸು ಉಂಡ ಮೇಲೆ ಉಳಿದುದರಿಂದ ಆ ಹನಿ ಬರುತ್ತಿತ್ತು. ಪ್ರಮಾಣ ಚಿಕ್ಕದಾಗಿದ್ದುದೇ ಈ ರೂಢಿಯನ್ನು ಅನ್ನಪಾನನಿರೋಧದ ದೋಷದಿಂದ ಕಾಪಾಡಿತು.

ಆ ಎಲ್ಲೆ ಮುರಿದುದು ನಮ್ಮ ಕಾಲದಲ್ಲಿ. ಬೆಂಗಳೂರಿನ ಕಂಪನಿಯೊಂದು ತಾಯಂದಿರ ಹಾಲನ್ನು ಸಂಗ್ರಹಿಸಿ, ಸಂಸ್ಕರಿಸಿ ಮಾರಾಟಕ್ಕೆ ಇಟ್ಟಿತು. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ತಪ್ಪಿದಾಗ, 2021ರಲ್ಲಿ ಆಯುಷ್ ಪರವಾನಗಿಯನ್ನು ಪಡೆದು ಅದನ್ನು ಆಯುರ್ವೇದದ ಔಷಧವೆಂದು ಮಾರತೊಡಗಿತು. ಅದಕ್ಕೆ ಆಸರೆಯಾದದ್ದು ಸಂಹಿತೆಗಳಲ್ಲಿ ಬರುವ ‘ನಾರೀಕ್ಷೀರ’ ಎಂಬ ಹೆಸರೇ. ಆ ಪರವಾನಗಿಯೂ 2022ರ ಆಗಸ್ಟಿನಲ್ಲಿ ರದ್ದಾಯಿತು. ಮಾನವಹಾಲಿನ ಸಂಸ್ಕರಣೆಗೂ ಮಾರಾಟಕ್ಕೂ ಕಾಯಿದೆಯಲ್ಲಿ ಅವಕಾಶವಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಪ್ರಾಚೀನ ಗ್ರಂಥದ ಒಂದು ಪದ ಹೀಗೆ ಆಧುನಿಕ ವ್ಯಾಪಾರಕ್ಕೆ ಕೊಡೆ ಹಿಡಿಯಿತು. ಗುಣವನ್ನು ಮಾತ್ರ ಹೇಳಿ ಹಕ್ಕನ್ನು ಹೇಳದ ಪರಂಪರೆಯನ್ನು ಹೀಗೆ ಬಳಸಿಕೊಳ್ಳುವುದು ಸುಲಭ. ಸ್ತ್ರೀಯನ್ನು ಎಂಟು ಹಾಲುಗಳ ಪಟ್ಟಿಯಲ್ಲಿ ನಿಲ್ಲಿಸಿದ ಮೇಲೆ ಅವಳ ಹಾಲಿಗೆ ಡೈರಿಯ ದರ ಕಟ್ಟುವುದಕ್ಕೆ ಹೆಚ್ಚು ದೂರವಿಲ್ಲ. ಹಾಲು ಮಾರಿದ ಬಡ ತಾಯಿಯ ಸ್ವಂತ ಕೂಸಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಆ ಪರವಾನಗಿಯ ಕಾಗದ ಕೇಳುವುದಿಲ್ಲ. ಅದನ್ನು ಕೇಳುವುದು ಪಿಂಡಶುದ್ಧಿ.

ಇದರರ್ಥ ತಾಯಿಯ ಹಾಲು ಮನೆಯ ಹೊಸ್ತಿಲನ್ನು ದಾಟಲೇಬಾರದು ಎಂದಲ್ಲ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಆರಂಭಿಸಿದ ಎದೆಹಾಲಿನ ಬ್ಯಾಂಕು ಏಷ್ಯಾದಲ್ಲಿಯೇ ಮೊದಲನೆಯದು. ದಾನಿಯನ್ನು ಪರೀಕ್ಷಿಸಿ, ಹಾಲನ್ನು ಪಾಶ್ಚರೀಕರಿಸಿ, ತೂಕ ಕಡಿಮೆಯಿರುವ, ಅವಧಿಗೆ ಮೊದಲು ಹುಟ್ಟಿದ ಶಿಶುಗಳಿಗೆ ಉಣಿಸುವ ಈ ವ್ಯವಸ್ಥೆಗೆ ಕೇಂದ್ರ ಸರ್ಕಾರವು 2017ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ತನ್ನ ಮಗು ಉಂಡು ಮಿಕ್ಕಿದ್ದನ್ನು ಮಾತ್ರ, ಸ್ವಇಚ್ಛೆಯಿಂದ, ಹಣ ಪಡೆಯದೆ ಕೊಡಬೇಕು ಎಂಬುದು ಅದರ ತಿರುಳು. ಶ್ರಾವಕನ ನಾಲ್ಕು ದಾನಗಳಾದ ಆಹಾರ, ಔಷಧ, ಶಾಸ್ತ್ರ, ಅಭಯಗಳನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆ ಶಿಶುವಿಗೆ ಇದೇ ಆಹಾರದಾನ, ಇದೇ ಔಷಧದಾನ. ಪಾಲು ಒಂದು ಕೂಸಿನಿಂದ ಇನ್ನೊಂದು ಕೂಸಿಗೆ ಹೋಗುತ್ತದೆಯೇ ಹೊರತು ಅಂಗಡಿಗೆ ಹೋಗುವುದಿಲ್ಲ.

ಕೊನೆಯದಾಗಿ ಸಂಶೋಧನೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ವಿಷಯದ ಅಧ್ಯಯನಕ್ಕೆ ಬೆಳಗಾವಿಯಷ್ಟು ಒದಗಿದ ಊರು ಅಪರೂಪ. 1933ರಲ್ಲಿ ಆರಂಭವಾದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ, 1963ರ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ, ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆಯಾಗಿರುವ ಕೇಂದ್ರ, ಇವೆಲ್ಲ ಒಂದೇ ನಗರದಲ್ಲಿವೆ. ಒಂದು ತಾಸಿನ ದಾರಿಯಲ್ಲಿ ಖಾನಾಪುರದ ಹಳ್ಳಿಗಳಿವೆ, ಕನ್ನಡ, ಮರಾಠಿ, ಕೊಂಕಣಿ ಮೂರೂ ಆಡುವ ಅಜ್ಜಿಯರಿದ್ದಾರೆ. ಕ್ಷೇತ್ರಕಾರ್ಯಕ್ಕೆ ಹೋದವರು ಸಾಮಾನ್ಯವಾಗಿ ಯಾವ ರೋಗಕ್ಕೆ ಯಾವ ಮದ್ದು ಎಂದು ಎರಡು ಕಲಮುಗಳ ಪಟ್ಟಿ ಮಾಡಿಕೊಂಡು ಬರುತ್ತಾರೆ. ಅದು ಚರಕನ ಪ್ರಶ್ನೆಯಷ್ಟೇ. ಅದರ ಜೊತೆಗೆ ಇನ್ನೂ ನಾಲ್ಕು ಕಲಮುಗಳನ್ನು ಎಳೆಯಿರಿ: ಹನಿಯನ್ನು ಕೇಳಿದವರು ಯಾರು, ಕೊಟ್ಟವಳು ಯಾರು, ಎಷ್ಟು ಕೊಟ್ಟಳು, ಆಗ ಅವಳ ಕೂಸು ಎಲ್ಲಿತ್ತು. ಜಾತಿ, ಬಡತನ, ಬಂಧುತ್ವ, ಭಾಷೆ ಎಲ್ಲದರ ಚರಿತ್ರೆಯೂ ಆ ನಾಲ್ಕು ಕಲಮುಗಳಲ್ಲಿ ತುಂಬಿಕೊಳ್ಳುತ್ತದೆ. ಹಸ್ತಪ್ರತಿಗಳಲ್ಲಿ ಉಳಿದಿರುವ ಕನ್ನಡ ವೈದ್ಯಗ್ರಂಥಗಳ ಯೋಗಗಳನ್ನು ಓದುವಾಗಲೂ ಇದೇ ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಬಹುದು.

ಕಣ್ಣು ಬಂದವರು ಇಂದು ಕಣ್ಣಿನ ವೈದ್ಯರ ಬಳಿಗೆ ಹೋಗಲಿ, ಅದೇ ಸರಿ. ಆ ಹನಿಯ ಕೆಲಸ ಮದ್ದಾಗಿ ಬಹುಮಟ್ಟಿಗೆ ಮುಗಿದಿದೆ. ಆದರೆ ಅದರ ಸುತ್ತ ಬೆಳೆದ ವಿವೇಕದ ಕೆಲಸ ಮುಗಿದಿಲ್ಲ. ಅಳುವ ಮಗುವನ್ನು ಕೆಳಗಿಳಿಸಿ ತಂದ ಅನ್ನ ತನಗೆ ಸಲ್ಲದೆಂದು ಹಸಿದ ಮುನಿಯೇ ಹಿಂದಿರುಗಬೇಕೆಂದು ವಿಧಿಸಿದ ನಾಡಿನಲ್ಲಿ, ಆ ಹಾಲಿಗೆ ಬೆಲೆಯ ಚೀಟಿ ಅಂಟಿಸಲು ಹೊರಟವರಿಗೆ ಹೇಳಬೇಕಾದ ಉತ್ತರ ಸಿದ್ಧವಾಗಿಯೇ ಇದೆ.